ಕೊನೆಯವರ ಹಿಂದೆ ಯಾರೂ ಇರುವುದಿಲ್ಲ

"ಹೆಬ್ಬೆರಳು ಎಲ್ಲಿ?" ಎಂದೆ.

ಲಾಡ್ಜಿನ ಬಾಗಿಲ ಬಳಿ ಸೂಟ್‌ಕೇಸುಗಳ ಪಕ್ಕ ನಿಂತಿದ್ದ ಸಂಸಾರ ನನ್ನನ್ನು ಮಿಕಿಮಿಕಿ ನೋಡಿತು. ಗಂಡ, ಹೆಂಡತಿ, ಗಂಡನ ತಾಯಿ. ವಾರಾಂತ್ಯದ ಪ್ರವಾಸ ಮುಗಿಸಿ ಊರಿಗೆ ಹೊರಟವರು. ಬಸ್ಸು ಇನ್ನೇನು ಬರುವುದರಲ್ಲಿತ್ತು. ಅವರ ಫೋನು ನನ್ನ ಕೈಯಲ್ಲಿತ್ತು.

"ಯಾರ ಹೆಬ್ಬೆರಳು?" ಎಂದ ಗಂಡ, ತನ್ನದನ್ನೇ ಒಮ್ಮೆ ನೋಡಿಕೊಂಡು.

"ನಿಮ್ಮದಲ್ಲ ಸ್ವಾಮಿ. ಇದನ್ನ ತೆಗೆದವರದ್ದು."

ಶನಿವಾರ ಹಳೇ ಪಟ್ಟಣದ ಸುತ್ತಾಟಕ್ಕೆ ಹೋದ ಗುಂಪಿನಲ್ಲಿ ಹಳದಿ ಶಾಲಿನ ಹೆಂಗಸೊಬ್ಬಳಿದ್ದಳು. ಅಂದು ಸಂಜೆಯಿಂದ ಆಕೆ ಇಲ್ಲ. ಕೋಟೆ ಬಾಗಿಲಿನಿಂದ ಆಚೆಗೆ ಹೋದದ್ದನ್ನು ಇಡೀ ಗುಂಪೇ ನೋಡಿದೆ ಎನ್ನುವುದಷ್ಟೇ ಈ ತನಕ ನನಗೆ ಸಿಕ್ಕಿದ್ದು. ಪೊಲೀಸರೂ ಅದನ್ನೇ ಹಿಡಿದುಕೊಂಡು ಕೂತಿದ್ದರು. ದೊಡ್ಡವರು, ಎಲ್ಲಿಗೋ ಹೋಗಿರ್ತಾರೆ, ಬರ್ತಾರೆ ಬಿಡಿ ಎಂದಿದ್ದರು.

ಬರುತ್ತಾಳಂತೆ! ಆಕೆಯ ಸಕ್ಕರೆ ಕಾಯಿಲೆಯ ಇಂಜೆಕ್ಷನ್ನು ಮನೆಯ ಫ್ರಿಜ್ಜಿನಲ್ಲಿ ಹಾಗೇ ಇತ್ತು. ನಿನ್ನೆ ರಾತ್ರಿಯದು ತಪ್ಪಿದೆ, ಇವತ್ತು ಬೆಳಗ್ಗೆಯದೂ ತಪ್ಪಿದೆ. ಇವತ್ತು ಸಂಜೆಯದೂ ತಪ್ಪಿದರೆ ಹುಡುಕಿ ಪ್ರಯೋಜನವಿಲ್ಲ ಎಂದು ಡಾಕ್ಟರು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ನನ್ನ ಪಕ್ಕದಲ್ಲಿ ಆಕೆಯ ತಂಗಿ ನಿಂತಿದ್ದಳು. ರಾತ್ರಿ ಅಕ್ಕ ಫೋನು ಎತ್ತದ್ದಕ್ಕೆ ಬೆಳಗ್ಗೆ ಮೊದಲ ಬಸ್ಸಿಗೆ ಬೇರೆ ಊರಿಂದ ಬಂದು ನನಗೆ ಹುಡುಕಾಟ ಒಪ್ಪಿಸಿದವಳು, ಒಂದು ಲೋಟ ನೀರೂ ಕುಡಿದಿರಲಿಲ್ಲ. ಔಷಧಿ ಇದ್ದ ತಣ್ಣನೆ ಚೀಲವನ್ನು ಎದೆಗವಚಿಕೊಂಡೇ ನನ್ನ ಹಿಂದೆ ತಿರುಗುತ್ತಿದ್ದಳು.

ಫೋಟೋಗಳನ್ನು ಮತ್ತೆ ಸರಿಸಿದೆ. ಗಡಿಯಾರದ ಗೋಪುರದ ಮುಂದೆ ಮೂವರು. ವ್ಯಾಪಾರಿಯ ಹಳೇ ಮಹಡಿಮನೆಯ ಮುಂದೆ ಮೂವರು. ಕತ್ತಲೆಕೊಳದ ಮೆಟ್ಟಿಲ ಮೇಲೆ ಮೂವರು. ಎಲ್ಲವನ್ನೂ ಹಳದಿ ಶಾಲಿನವಳೇ ತೆಗೆದದ್ದು. ಪ್ರವಾಸದಲ್ಲಿ ಸಂಸಾರಸ್ಥರು ಫೋಟೋ ತೆಗೆಸಿಕೊಳ್ಳಬೇಕಾದಾಗ ಫೋನನ್ನು ಯಾರ ಕೈಗೆ ಕೊಡುತ್ತಾರೆ ಹೇಳಿ? ಒಂಟಿಯಾಗಿ ನಿಂತವರ ಕೈಗೆ. ನನಗೂ ಕೊಟ್ಟಿದ್ದಾರೆ. ಯಾರೂ, ನೀವೂ ಬನ್ನಿ ನಿಲ್ಲಿ ಎನ್ನುವುದಿಲ್ಲ.

ಹಾಗಾಗಿ ಈ ಊರಿನ ಅಷ್ಟೊಂದು ಫೋಟೋಗಳಲ್ಲಿ ಒಂದರಲ್ಲೂ ಆಕೆಯ ಮುಖವಿಲ್ಲ. ಆದರೆ ಪ್ರತಿ ಫೋಟೋದ ಕೆಳಗಿನ ಮೂಲೆಯಲ್ಲಿ ಒಂದು ಮಸುಕು ಗುಲಾಬಿ ಚುಕ್ಕೆ ಇತ್ತು. ಆಕೆಯ ಹೆಬ್ಬೆರಳ ತುದಿ. ಫೋನು ಜಾರೀತು ಎಂಬ ಭಯಕ್ಕೆ ಬೆರಳನ್ನು ಕ್ಯಾಮೆರಾದ ಕಣ್ಣಿಗೆ ಅಡ್ಡ ಹಿಡಿಯುವ ಅಭ್ಯಾಸ.

"ಅಕ್ಕಂದೇ ಅದು," ಎಂದಳು ತಂಗಿ. "ನನ್ನ ಮದುವೆ ಫೋಟೋಗಳಲ್ಲೆಲ್ಲಾ ಇದೇ ಬೆರಳು. ಅತ್ತೆ ಮನೆಯವರು ಈಗಲೂ ಆಡ್ಕೊಂಡು ನಗ್ತಾರೆ."

ಕಟ್ಟಕಡೆಯದು ಕೋಟೆ ಬಾಗಿಲ ಮುಂದಿನ ಫೋಟೋ. ಅದರಲ್ಲಿ ಬೆರಳಿರಲಿಲ್ಲ. ಇನ್ನೂ ಒಂದು ವ್ಯತ್ಯಾಸವಿತ್ತು. ಬೇರೆಲ್ಲಾ ಫೋಟೋಗಳಲ್ಲಿ ಅಜ್ಜಿಯ ಮುಖ ನೇರ ಕಾಣುತ್ತಿತ್ತು. ಇದರಲ್ಲಿ ನೆತ್ತಿಯ ಬೈತಲೆ ಕಾಣುತ್ತಿತ್ತು.

"ಇದನ್ನ ತೆಗೆಯೋವಾಗ ಅವರು ಮೆಟ್ಟಿಲ ಮೇಲೆ ನಿಂತಿದ್ರಾ?"

"ಇಲ್ಲವಲ್ಲ," ಎಂದಳು ಹೆಂಡತಿ. "ಎಲ್ಲ ಸಮನೆಲ."

"ಮುಖ ನೋಡಿದ್ರಾ?"

ಆಕೆ ಗಂಡನ ಕಡೆ ನೋಡಿದಳು. ಗಂಡ ಸೂಟ್‌ಕೇಸಿನ ಕಡೆ ನೋಡಿದ. "ಜಿನುಗು ಮಳೆ ಬರ್ತಿತ್ತು ಮೇಡಂ. ತಲೆ ಮೇಲೆ ಶಾಲು ಎಳ್ಕೊಂಡಿದ್ರು. ಫೋನು ಕೊಟ್ವಿ, ಇಸ್ಕೊಂಡ್ವಿ. ಮುಖ ಯಾರು ನೋಡ್ತಾರೆ?"

"ನಾನೊಂದು ಮಾತು ಹೇಳ್ಲಾ?" ಎಂದಿತು ಅಜ್ಜಿ. ಅಲ್ಲಿಯವರೆಗೆ ಅದನ್ನು ಯಾರೂ ಏನೂ ಕೇಳಿರಲಿಲ್ಲ. "ಮೊದಲೆಲ್ಲಾ ಆಯಮ್ಮ ನಗಿಸ್ತಿದ್ಲು. ಹಲ್ಲು ಕಾಣಿಸ್ಲಿ ಅಜ್ಜಿ, ನಾನು ಹಲ್ಲಿನ ಡಾಕ್ಟರ ಹತ್ರ ಕೆಲಸ ಮಾಡೋಳು, ಇವತ್ತು ಫೀಸಿಲ್ಲ ಅಂತಿದ್ಲು. ಕೊನೇಲಿ ತುಟಿಪಿಟಿಕ್ ಅನ್ಲಿಲ್ಲ. ಕಾಲು ನೋವೇನೋ ಪಾಪ ಅಂದ್ಕೊಂಡೆ."

ಅಜ್ಜಿಯ ಕೈ ಹಿಡಿದು ಒತ್ತಿದೆ. ಬಸ್ಸು ಬಂತು, ಹೋದರು.

"ಹಂಗಂದ್ರೆ ಏನು ಮೇಡಂ?" ಎಂದಳು ತಂಗಿ.

"ಕೋಟೆ ಬಾಗಿಲಿಂದ ಆಚೆ ಹೋಗಿದ್ದು ನಿಮ್ಮಕ್ಕನ ಶಾಲು. ನಿಮ್ಮಕ್ಕ ಅಲ್ಲ. ಉದ್ದ ಇರೋರು ಯಾರೋ ಹೊದ್ಕೊಂಡು ಹೋಗಿದ್ದಾರೆ."

* * *

ಚೌಕಕ್ಕೆ ನಡೆದೇ ಹೋದೆವು. ದಾರಿಯುದ್ದಕ್ಕೂ ಭಾನುವಾರದ ಜನ. ಗಡಿಯಾರದ ಗೋಪುರದ ಕೆಳಗೆ ಬಾಯಿ ತೆರೆದು ಮೇಲೆ ನೋಡುವವರು, ಐಸ್‌ಕ್ರೀಮಿನ ಸಾಲು, ಹಳೇ ಫಿರಂಗಿಯ ಗಾಡಿಯ ಮೇಲೆ ಮಗುವನ್ನು ಕೂರಿಸಿ ಅಳಿಸುವವರು. ಈ ಊರಿನಲ್ಲಿ ಹುಟ್ಟಿ ಬೆಳೆದವಳು ನಾನು, ಆ ಗೋಪುರವನ್ನು ಹತ್ತಿಲ್ಲ. ಹತ್ತಿ ಮೇಲಿಂದ ಯಾರಿಗೆ ತೋರಿಸಲಿ?

ಪತ್ತೇದಾರಿಕೆಗೆ ಬರುವ ಮುಂಚೆ ನಾನು ರೈಲು ನಿಲ್ದಾಣದಲ್ಲಿ, ಕಳೆದುಹೋದ ಸಾಮಾನುಗಳ ಕಿಟಕಿಯ ಹಿಂದೆ ಕೂತವಳು. ಛತ್ರಿ, ಊಟದ ಡಬ್ಬಿ, ಒಂಟಿ ಚಪ್ಪಲಿ. ಒಂಟಿ ಚಪ್ಪಲಿಗೂ ಹುಡುಕಿಕೊಂಡು ಬರುವವರಿದ್ದರು. ಆ ಕಾಲದಲ್ಲೇ ಜನ ನನಗೆ ಪತ್ತೆಯಮ್ಮ ಎಂದು ಹೆಸರಿಟ್ಟದ್ದು. ಈಗಲೂ ಅದೇ ಉಳಿದಿದೆ, ಮನೆಯಲ್ಲಿ ಬೇರೆ ಹೆಸರಿನಿಂದ ಕರೆಯುವವರು ಯಾರೂ ಉಳಿದಿಲ್ಲ.

"ಪ್ರತಿ ಶನಿವಾರ ಇದೇ ಸುತ್ತಾಟಕ್ಕೆ ಬರ್ತಾಳೆ ಮೇಡಂ," ಎಂದಳು ತಂಗಿ. "ಇದೇ ಊರಲ್ಲಿದ್ಕೊಂಡು ನೋಡಿದ್ದನ್ನೇ ಎಷ್ಟು ಸಲ ನೋಡ್ತೀಯೇ ಅಂತ ನಾನು ಬೈತಿದ್ದೆ. ನೀನೂ ಬಾರೇ ಒಂದ್ಸಲ, ತೋರಿಸ್ತೀನಿ ಅಂತಿದ್ಲು."

"ಫೋನು ಯಾಕೆ ಮನೇಲಿ ಬಿಟ್ಟಿದ್ದು?"

"ಯಾವಾಗ್ಲೂ ಬಿಟ್ಟೇ ಹೋಗ್ತಾಳೆ. ನೀನು ಫೋನು ಮಾಡೋದು ರಾತ್ರಿ, ಬೇರೆ ಯಾರು ಮಾಡ್ತಾರೆ ನಂಗೆ ಅಂತಾಳೆ."

ಆಕೆಯ ಮುಖವನ್ನೇ ನೋಡಿರದ ನನಗೆ, ಆಕೆ ಸಿಗದಿದ್ದರೆ ನನ್ನ ಶನಿವಾರಗಳೂ ಎಲ್ಲೋ ಕಳೆದುಹೋಗುತ್ತವೆ ಎನ್ನಿಸತೊಡಗಿತ್ತು.

* * *

ಗೈಡು ಆಗಷ್ಟೇ ಭಾನುವಾರದ ಗುಂಪನ್ನು ಕಳಿಸಿ ಚೌಕದ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದ. ಯಾವಾಗಲೂ ಕಿತ್ತಳೆ ಬಣ್ಣದ ದೊಡ್ಡ ಕೊಡೆ ಎತ್ತಿಕೊಂಡೇ ನಡೆಯುವುದರಿಂದ ಊರಿಗೆಲ್ಲಾ ಕೊಡೆಯಪ್ಪ. ಕೊರಳಲ್ಲಿ ಪುಟ್ಟ ಮೈಕು. ಅವನು ಮುಂದೆ ನಡೆಯುತ್ತಾ ಮೈಕಿನಲ್ಲಿ ಕಥೆ ಹೇಳಿದರೆ ಹಿಂದಿನವರಿಗೆ ಕಿವಿಯಲ್ಲಿ ಸಿಕ್ಕಿಸಿಕೊಂಡ ಯಂತ್ರದಲ್ಲಿ ಕೇಳಿಸುತ್ತದೆ. ಸುತ್ತಾಟ ಮುಗಿದ ಮೇಲೆ ಆ ಕಿವಿಯಂತ್ರಗಳನ್ನು ವಾಪಸು ಇಸ್ಕೊಂಡು ಡಬ್ಬಿಯಲ್ಲಿ ಜೋಡಿಸುತ್ತಾನೆ.

ನನ್ನನ್ನು ಕಂಡದ್ದೇ ಡಬ್ಬಿಯ ಮುಚ್ಚಳ ಹಾಕಿದ.

"ಮತ್ತೆ ಬಂದ್ರಾ ಪತ್ತೆಯಮ್ಮ? ಬೆಳಗ್ಗೆನೇ ಹೇಳಿದ್ನಲ್ಲ. ಎಲ್ಲರೂ ಬಂದ್ರು, ಎಲ್ಲರೂ ಹೋದ್ರು."

"ಹೇಗೆ ಗೊತ್ತು?"

"ಕಿವಿ ಎಣಿಸಿದೆ! ತಲೆ ಎಣಿಸೋಕೆ ಹೋದ್ರೆ ಒಂದು ಅಲ್ಲಿ, ಒಂದು ಇಲ್ಲಿ. ಅದಕ್ಕೆ ನಾವು ಗೈಡುಗಳು ತಲೆ ಎಣಿಸಲ್ಲ. ಕಿವಿಯಂತ್ರ ಎಲ್ಲಾ ವಾಪಸು ಬಂದ್ರೆ ಜನ ಎಲ್ಲಾ ವಾಪಸು ಬಂದ ಹಾಗೆ. ನಿನ್ನೆ ಒಂದೂ ಕಮ್ಮಿ ಇರ್ಲಿಲ್ಲ. ಬೇಕಾದ್ರೆ ಎಲ್ಲಿ ಬೇಕಾದ್ರೂ ಹೇಳ್ತೀನಿ."

"ಡಬ್ಬಿ ತೆಗೀರಿ."

"ಯಾಕೆ?"

"ನಾನೂ ಕಿವಿ ನೋಡ್ಬೇಕು."

ಒಲ್ಲದ ಮನಸ್ಸಿನಿಂದ ತೆಗೆದ. ಎಲ್ಲ ಕಪ್ಪು, ಎಲ್ಲ ಒಂದೇ ತರಹದವು. ನಾನು ಬೆಳಗ್ಗೆ ಅದೇ ಗುಂಪಿನ ಇನ್ನೊಬ್ಬ ಗಂಡ-ಹೆಂಡತಿಯ ಫೋನಿನಿಂದ ತೆಗೆದುಕೊಂಡಿದ್ದ ಫೋಟೋವನ್ನು ಅವನ ಮುಂದೆ ಹಿಡಿದೆ. ಮಹಡಿಮನೆಯ ಕಿಟಕಿಯ ಗಾಜಿನಲ್ಲಿ, ಫೋಟೋ ತೆಗೆಯುತ್ತಿರುವವಳ ಪ್ರತಿಬಿಂಬ ಮೂಡಿತ್ತು. ಹಳದಿ ಶಾಲು, ಮುಖದ ಮುಂದೆ ಫೋನು, ಕಿವಿಯಲ್ಲಿ ಯಂತ್ರ. ಯಂತ್ರದ ವೈರಿಗೆ ಕೆಂಪು ನೂಲು ಸುತ್ತಿತ್ತು.

"ಕೆಂಪು ನೂಲಿಂದು ಎಲ್ಲಿ?"

ಕೊಡೆಯಪ್ಪ ಕೊಡೆಯನ್ನು ಬಿಚ್ಚಿದ, ಮತ್ತೆ ಮಡಿಸಿದ. ಮಳೆಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ.

"ಬಿದ್ದೋಗಿರ್ಬೇಕು ನೂಲು."

"ಕೊಡೆಯಪ್ಪನವರೇ, ಅಡ್ಡಗೋಡೆ ಮೇಲೆ ದೀಪ ಇಡಬೇಡಿ. ಇವರು ಆಕೆ ತಂಗಿ. ಈ ಚೀಲದಲ್ಲಿರೋ ಔಷಧಿ ಸಂಜೆ ಒಳಗೆ ಆಕೆ ಮೈಗೆ ಹೋಗ್ಬೇಕು. ಹೋಗದೇ ಇದ್ರೆ ನಿಮ್ಮ ಕಿವಿ ಲೆಕ್ಕ ನೀವೇ ಇಟ್ಕೊಂಡು ಕೂತ್ಕೊಳಿ."

ಅವನು ತಂಗಿಯ ಮುಖ ನೋಡಿದ. ಅಕ್ಕನ ಹೋಲಿಕೆ ಇತ್ತೇನೋ, ತಟ್ಟನೆ ಮೆತ್ತಗಾದ.

"ಅದು ಡಬ್ಬೀದಲ್ಲ," ಎಂದ ಮೆಲ್ಲಗೆ. "ನಾನೇ ಕೊಟ್ಟಿದ್ದು. ಅವರ ಹತ್ರಾನೇ ಇರುತ್ತೆ. ವಾರ ವಾರ ಬರ್ತಾರೆ ಅಂತ ನಾನು ಅವರನ್ನ ವಾರದಮ್ಮ ಅನ್ನೋದು. ಟಿಕೆಟ್ ಬೇಡ ಬನ್ನಿ ಅಂದಿದ್ದೆ. ಕಂಪನಿಗೆ ಗೊತ್ತಾದ್ರೆ ಕೆಲಸ ಹೋಗುತ್ತೆ, ಅದಕ್ಕೇ ಬೆಳಗ್ಗೆ ಬಾಯಿ ಬಿಡ್ಲಿಲ್ಲ."

"ಪುಕ್ಕಟೆ ಯಾಕೆ?"

"ಪುಕ್ಕಟೆ ಅಲ್ಲ. ಬಾಲ ಹಿಡೀತಿದ್ರು." ನಮ್ಮ ಮುಖ ನೋಡಿ ಬಿಡಿಸಿ ಹೇಳಿದ. "ಗುಂಪಿನ ತಲೆ ನಾನು, ಕೊಡೆ ನೋಡ್ಕೊಂಡು ಬರ್ತಾರೆ. ಬಾಲಕ್ಕೆ ಒಬ್ರು ಬೇಕಲ್ಲ? ಹಿಂದೆ ಬಿದ್ದೋರನ್ನ, ಫೋಟೋ ತೆಗೀತಾ ನಿಂತೋರನ್ನ ಮುಂದಕ್ಕೆ ಕಳ್ಸಿ, ಎಲ್ಲರಿಗಿಂತ ಕೊನೇಲಿ ಅವರು ಬರೋರು. ಹಳದಿ ಶಾಲು ದಾಟ್ತು ಅಂದ್ರೆ ಗುಂಪು ಮುಗೀತು ಅಂತ. ಬಾಗಿಲು ಕಾಯೋರಿಗೂ ಅದೇ ಗುರುತು. ಶಾಲು ನೋಡಿ ಬೀಗ ಹಾಕ್ತಾರೆ."

"ಅಂದ್ರೆ ಟಿಕೆಟ್ಟಲ್ಲಿ ಅವರಿಲ್ಲ. ಕಿವಿಯ ಎಣಿಕೇಲೂ ಇಲ್ಲ."

"ಇಲ್ಲ."

"ಎಲ್ಲರೂ ಬಂದ್ರಾ ಅಂತ ನೋಡೋಳು ಅವಳು," ಎಂದಳು ತಂಗಿ. "ಅವಳು ಬಂದ್ಲಾ ಅಂತ ನೋಡೋರು ಯಾರು?"

ಕೊಡೆಯಪ್ಪ ಡಬ್ಬಿಯ ಮುಚ್ಚಳ ಹಾಕಿದ. ಕೊನೆಯವರ ಹಿಂದೆ ಯಾರೂ ಇರುವುದಿಲ್ಲ. ನನಗೆ ಸಿಟ್ಟು ಬಂತು, ಅವನ ಮೇಲಲ್ಲ, ಯಾರ ಮೇಲೆಂದು ತಿಳಿಯದೆ ಬಂತು.

"ನಿಮ್ಮ ಕಣ್ಣಿಂದ ನಿನ್ನೆ ಅವರ ಮುಖ ಕಡೇ ಸಲ ಕಂಡಿದ್ದು ಎಲ್ಲಿ? ಶಾಲಲ್ಲ, ಮುಖ."

"ಕತ್ತಲೆಕೊಳದ ಮೆಟ್ಟಿಲಲ್ಲಿ. ನನಗೆ ಮಂಡಿನೋವು, ಕೆಳಗಿಳಿಯಲ್ಲ. ಮೇಲೇ ನಿಂತು ಮೈಕಲ್ಲಿ ಹೇಳ್ತೀನಿ. ಗಾಳಿಗಂಡಿ ಇರೋದ್ರಿಂದ ಕೆಳಗೂ ಕೇಳ್ಸುತ್ತೆ. ಇಳಿಯೋವಾಗ ನನ್ನ ಕಡೆ ತಿರುಗಿ ಕೈಬೀಸಿದ್ರು. ಆಮೇಲೆ... ಆಮೇಲೆ ಬರೀ ಶಾಲು."

"ಕತ್ತಲೆಕೊಳ ಇವತ್ತು ತೆಗೆದಿದ್ರಾ?"

"ಶನಿವಾರ ಮಾತ್ರ ತೆಗೆಯೋದು," ಎಂದವನು ಎದ್ದು ನಿಂತ. ಮಂಡಿನೋವು ಮರೆತುಹೋದಂತಿತ್ತು. "ಇನ್ನು ಮುಂದಿನ ಶನಿವಾರವೇ."

* * *

ಕತ್ತಲೆಕೊಳ ಎಂದರೆ ಕೋಟೆಯ ಅಡಿಯಲ್ಲಿರುವ ಹಳೆಯ ನೀರಿನ ನೆಲಮಾಳಿಗೆ. ಮುತ್ತಿಗೆ ಬಿದ್ದಾಗ ಸೈನಿಕರು ಬದುಕಲಿ ಎಂದು ಕಟ್ಟಿಸಿದ್ದಂತೆ. ಕಲ್ಲಿನ ಕಂಬಗಳ ನಡುವೆ ಹಲಗೆ ಹಾಸಿದ ದಾರಿ, ಕೆಳಗೆ ಕಪ್ಪು ನೀರು. ನೋಡಲು ದೂರದೂರದಿಂದ ಬರುತ್ತಾರೆ, ನೋಡಿ ಬೇಗ ಮೇಲೆ ಬರುತ್ತಾರೆ. ಕೋಟೆಯ ಹಿಂಬದಿಯ ಓಣಿಯಲ್ಲಿ ಅದರ ಬಾಗಿಲು. ಆ ಓಣಿಯಲ್ಲಿ ಭಾನುವಾರ ನರಪಿಳ್ಳೆ ಇರುವುದಿಲ್ಲ.

ಬಾಗಿಲಿಗೆ ಅಂಟಿಕೊಂಡಂತೆ ಕಾವಲಿನವರ ಒಂದೇ ಕೋಣೆಯ ಮನೆ. ಕೊಡೆಯಪ್ಪ ತಟ್ಟಿದ. "ಬೀಗದಕ್ಕಾ! ಓ ಬೀಗದಕ್ಕಾ!"

ಒಳಗೆ ಪಾತ್ರೆ ಸದ್ದಾಯಿತು. ಬಾಗಿಲ ಮೇಲ್ಪಟ್ಟಿಗೆ ತಲೆ ತಾಗದಂತೆ ಬಗ್ಗಿಕೊಂಡು ಒಬ್ಬ ಹೆಂಗಸು ಹೊರಗೆ ಬಂದಳು. ಕೊರಳ ದಾರದಲ್ಲಿ ಬೀಗದ ಕೈ.

"ಏನು ಕೊಡೆಯಪ್ಪಣ್ಣ, ಭಾನುವಾರ?"

"ವಾರದಮ್ಮ ಒಳಗೆ ಉಳ್ಕೊಂಡಿರ್ಬೋದು ಅಂತ ಇವರು ಹೇಳ್ತಿದ್ದಾರೆ."

"ಛೆ ಛೆ, ನಿನ್ನೆ ಶಾಲು ದಾಟಿದ್ದನ್ನ ನೋಡೇ ಬೀಗ ಹಾಕಿದ್ದು." ನನ್ನ ಕಡೆ ತಿರುಗಿದಳು. "ಒಳಗಿದ್ರೆ ಇಷ್ಟೊತ್ತಿಗೆ ಕಿರುಚ್ಕೋತಿರ್ಲಿಲ್ವಾ? ನಾನು ಗೋಡೆ ಆಚೇನೇ ಮಲಗೋಳು. ಸುಮ್ನೆ ತೆಗೆಯೋಕಾಗಲ್ಲ ಅಮ್ಮ, ಮೇಲಿನವರ ಚೀಟಿ ತನ್ನಿ."

ಚೀಟಿ ಕೊಡುವವರು ಸೋಮವಾರ ಬರುತ್ತಾರೆ. ನಾನು ಕೊಡೆಯಪ್ಪನ ಕೊರಳಿನ ಮೈಕಿನ ಕಡೆ ನೋಡಿದೆ.

"ಆ ಕೆಂಪು ನೂಲಿನ ಯಂತ್ರದ ಸೆಲ್ಲು ಎಷ್ಟು ಹೊತ್ತು ಬರುತ್ತೆ?"

ಅವನಿಗೆ ಅರ್ಥವಾಯಿತು. "ಹೊಸದಾಗಿದ್ರೆ ಎರಡು ದಿನ ಎಳೆಯುತ್ತೆ. ಶನಿವಾರ ಹೊಸದೇ ಹಾಕ್ಕೊಂಡು ಬರ್ತಾರೆ." ಮೈಕಿನ ಗುಂಡಿ ಒತ್ತಿ, ಗಾಳಿಗಂಡಿಯ ಬಳಿ ಬಾಗಿದ.

"ವಾರದಮ್ಮಾ... ನಾನು, ಕೊಡೆಯಪ್ಪ. ನನ್ನ ಮಾತು ಕೇಳಿಸ್ತಿದ್ರೆ ಬಾಗಿಲು ತಟ್ಟಿ."

ಏನೂ ಇಲ್ಲ. ತಂಗಿ ಬಾಗಿಲಿಗೆ ಕೆನ್ನೆಯಿಟ್ಟು ನಿಂತಳು.

"ವಾರದಮ್ಮಾ, ನಿಮ್ಮ ತಂಗಿ ಬಂದಿದ್ದಾರೆ. ಇಲ್ಲೇ ಬಾಗಿಲ ಹತ್ರ ಇದ್ದಾರೆ."

ಇನ್ನೂ ಏನೂ ಇಲ್ಲ. ಬೀಗದಕ್ಕ, ನಾನು ಹೇಳ್ಲಿಲ್ವಾ ಎನ್ನುವಂತೆ ಕೈ ತಿರುವಿದಳು. ಅಷ್ಟರಲ್ಲಿ ತಂಗಿಯ ಕಣ್ಣು ದೊಡ್ಡದಾಯಿತು.

ಟಕ್.

ಮರದ ಆಚೆಯಿಂದ, ತೀರಾ ಕೆಳಗಿನಿಂದ, ಸಣ್ಣಗೆ. ಕಾಲ ಮಟ್ಟದಿಂದ ಬಂದ ಸದ್ದು. ಆಕೆಗೆ ಎದ್ದು ನಿಲ್ಲುವ ಶಕ್ತಿ ಇರಲಿಲ್ಲ.

"ಅಕ್ಕಾ!" ತಂಗಿ ಎರಡೂ ಕೈಯಿಂದ ಬಾಗಿಲು ಬಡಿದಳು. "ಅಕ್ಕಾ, ನಾನು ಕಣೇ! ತೆಗೀರಿ, ತೆಗೀರಿ ಬೇಗ!"

ಕೊಡೆಯಪ್ಪ ಅಳುತ್ತಿದ್ದ. ನನ್ನ ಕಣ್ಣೂ ಒದ್ದೆಯಾಗಿತ್ತು, ಸುಳ್ಳೇಕೆ ಹೇಳಲಿ. ಕಿರುಚಲೂ ಆಗದೆ ಆ ಕತ್ತಲೆಯಲ್ಲಿ ಒಬ್ಬಳೇ ಕೂತು, ಕಿವಿಯಲ್ಲಿ ಯಾವಾಗಲಾದರೂ ಒಂದು ಮಾತು ಬಂದೀತೆಂದು ಕಾದಿದ್ದಳಲ್ಲ. ಬೀಗದಕ್ಕ ಬೇರೆ ದಾರಿ ಕಾಣದೆ ಬೀಗಕ್ಕೆ ಕೈ ಹಾಕಿದಳು. ಕೀಲಿ ಒಳಗೆ ಹೋಯಿತು.

"ಸ್ವಲ್ಪ ತಾಳಿ," ಎಂದೆ.

ಶಾಲು ನನ್ನ ತಲೆಯಿಂದ ಹೋಗಿರಲಿಲ್ಲ. ಇಂಥ ತೇವದ ಜಾಗದಲ್ಲಿ ಯಾವ ಹೆಂಗಸೂ ತನ್ನ ಶಾಲನ್ನು ತಾನಾಗಿ ಬಿಟ್ಟುಕೊಡುವುದಿಲ್ಲ. ಬಾಗಿಲು ತೆಗೆಯುವ ಮುಂಚೆ ಒಂದು ಮಾತು ತಿಳಿಯಬೇಕಿತ್ತು. ಕೊಡೆಯಪ್ಪನ ಕೊರಳಿನಿಂದ ಮೈಕು ತೆಗೆದುಕೊಂಡೆ.

"ತಾಯಿ, ನೀವು ನನ್ನನ್ನ ನೋಡಿಲ್ಲ. ನಿಮ್ಮನ್ನ ಹುಡುಕ್ಕೊಂಡು ಬಂದವಳು ನಾನು. ಈಗ ನಾನು ಹೇಳಿದ ಹಾಗೆ ಮಾಡಿ. ನೀವು ಒಬ್ಬರೇ ಇದ್ರೆ ಒಂದು ಸಲ ತಟ್ಟಿ. ಜೊತೆಗೆ ಯಾರಾದ್ರೂ ಇದ್ರೆ ಎರಡು ಸಲ."

"ಅವಳ ಜೊತೆ ಯಾರಿರ್ತಾರೆ ಮೇಡಂ?" ತಂಗಿ ಬಿಕ್ಕಿದಳು. "ಯಾವಾಗ್ಲೂ ಒಬ್ಬಳೇ. ಹುಟ್ಟಿದಾಗಿನಿಂದ ಒಬ್ಬಳೇ."

ಟಕ್.

ಕೊಡೆಯಪ್ಪ ನಿಟ್ಟುಸಿರು ಬಿಟ್ಟ. ತಂಗಿ ಔಷಧಿಯ ಚೀಲ ಬಿಚ್ಚತೊಡಗಿದಳು. ನಾನು ಬೀಗದಕ್ಕನಿಗೆ ತೆಗೀರಿ ಎಂದು ಕೈಸನ್ನೆ ಮಾಡಿದೆ.

ಟಕ್.

ಎರಡು ಸಲ. ಯಾರೂ ಅಲ್ಲಾಡಲಿಲ್ಲ. ಬೀಗದಕ್ಕ ಮಾತ್ರ ಅಲ್ಲಾಡಿದಳು. ಕೀಲಿಯನ್ನು ಮೆಲ್ಲಗೆ ಬೀಗದಿಂದ ಹೊರಗೆಳೆದು ಮುಷ್ಟಿಯಲ್ಲಿ ಮುಚ್ಚಿಕೊಂಡು, ಬಾಗಿಲಿಗೆ ಬೆನ್ನುಕೊಟ್ಟು ನಿಂತಳು. ಅವಳ ಮುಖ ನೋಡಲು ನಾನು ತಲೆ ಎತ್ತಬೇಕಾಯಿತು. ಆಗ ಅಜ್ಜಿಯ ಬೈತಲೆ ನೆನಪಾಯಿತು. ಇಷ್ಟು ಎತ್ತರದಿಂದ ಫೋಟೋ ತೆಗೆದರೆ ನನ್ನ ನೆತ್ತಿಯೂ ಹಾಗೇ ಕಾಣುತ್ತದೆ.

"ಅಮ್ಮ, ಆ ಮೈಕು ಆರಿಸಿ," ಎಂದಳು. ದನಿ ಎತ್ತರಿಸಲಿಲ್ಲ, ಬೇಡಿಕೊಳ್ಳುವಂತಿತ್ತು. "ನೀವು ಹೇಳೋದೆಲ್ಲಾ ಒಳಗೆ ಆಕೆ ಜೊತೆ ಇರೋ ಅವನಿಗೂ ಕೇಳಿಸ್ತಿದೆ."